ಮುಂಗಡ ಕೊಟ್ಟವರ ಮಾತು

2008ರ ಅಕ್ಟೋಬರ್ ಕೊನೆಯಲ್ಲಿ ಟೆಸ್ಲಾ ಕಂಪನಿಯ ಉದ್ಯೋಗಿಯೊಬ್ಬರು ಬರೆದ ಪತ್ರವೊಂದು ಹೊರಬಿತ್ತು. ಕಂಪನಿಯ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು ಸುಮಾರು 90 ಲಕ್ಷ ಡಾಲರ್, ರೋಡ್‌ಸ್ಟರ್ ಕಾರಿಗೆ ಮುಂಗಡ ಕೊಟ್ಟು ಕಾಯುತ್ತಿರುವವರು 1,200ಕ್ಕೂ ಹೆಚ್ಚು, ಕಾರು ಕೈಸೇರಿದವರು 50 ಮಂದಿಯೂ ಇಲ್ಲ. ಪತ್ರದ ಸಾರ ಇಷ್ಟೇ. ಖಾತೆಯಲ್ಲಿರುವ ಮೊತ್ತದ ಲೆಕ್ಕ ನಿಜವೆಂದು ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಒಪ್ಪಿಕೊಂಡರು. ಎಂದರೆ ಗಿರಾಕಿಗಳು ಕಾರಿಗೆಂದು ಕೊಟ್ಟ ಕೋಟಿಗಟ್ಟಲೆ ಡಾಲರ್ ಕಾರು ತಯಾರಾಗುವ ಮೊದಲೇ ಕರಗಿಹೋಗಿತ್ತು. ಅದೇ ವಾರಗಳಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿಯುತ್ತಿದ್ದವು, ಜನರಲ್ ಮೋಟಾರ್ಸ್ ಸರ್ಕಾರದ ಬಾಗಿಲಿಗೆ ಹೋಗಿ ನಿಂತಿತ್ತು. ಅಂಥ ಹೊತ್ತಿನಲ್ಲಿ ಇಂಥ ಸುದ್ದಿ ಹೊರಬಿದ್ದರೆ ಹಣ ವಾಪಸ್ ಕೇಳುವವರ ನೂಕುನುಗ್ಗಲಿನಲ್ಲೇ ಕಂಪನಿ ಮುಳುಗಬೇಕಿತ್ತು. ಮುಳುಗಲಿಲ್ಲ. ಹಳೆಯ ಹೂಡಿಕೆದಾರರೇ ಮತ್ತೆ ಕೈಹಾಕಿ, ಡಿಸೆಂಬರ್ 24ರಂದು 4 ಕೋಟಿ ಡಾಲರ್ ಹೊಂದಿಸಿದರು. ಅಲ್ಲಿಯವರೆಗೆ ಕಂಪನಿಗೆ ಉಸಿರು ಉಳಿಸಿದವರಲ್ಲಿ ಸುಮ್ಮನೆ ಕಾದುಕೂತ ಗಿರಾಕಿಗಳೂ ಇದ್ದರು.

ವಿದ್ಯುತ್ ಕಾರಿನ ಇತಿಹಾಸ ಬರೆಯುವವರು ಬ್ಯಾಟರಿಯ ಬಗ್ಗೆ, ಮಸ್ಕ್ ಬಗ್ಗೆ, ಷೇರಿನ ಏರಿಳಿತದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಈ ಗಿರಾಕಿಗಳ ಬಗ್ಗೆ ಬರೆದದ್ದು ಕಡಿಮೆ. ಟೆಸ್ಲಾದ ಚರಿತ್ರೆಯಲ್ಲಿ ಕಾರು ಕೊಂಡವನು, ಬಡ್ಡಿಯಿಲ್ಲದೆ ಸಾಲ ಕೊಟ್ಟವನು, ಷೇರು ಹಿಡಿದವನು, ನಾಲ್ಕು ಜನರ ಮುಂದೆ ಕಂಪನಿಯನ್ನು ಸಮರ್ಥಿಸಿದವನು ಎಷ್ಟೋ ಸಲ ಒಬ್ಬನೇ. ಕಂಪನಿಯ ಪ್ರತಿಯೊಂದು ಸುದ್ದಿಯನ್ನೂ ಇವರು ಕೂತು ಚರ್ಚಿಸಿದರು, ಆ ಚರ್ಚೆಗೆ ನಿಜವಾದ ತೂಕವೂ ಇತ್ತು. ನನ್ನ ವಾದ ಇದು: ಆ ಮಾತಿಗೆ ಬೆಲೆ ಬಂದದ್ದು ಅವರು ಕಾರು ಓಡಿಸಿದ ಅನುಭವದಿಂದ ಮಾತಾಡಿದಾಗ. ಕೈಯಲ್ಲಿರುವ ಷೇರನ್ನು ಕಾಯಲು ಮಾತಾಡತೊಡಗಿದ ಮೇಲೆ ಆ ಬೆಲೆ ಇಳಿಯಿತು, ಅದರ ನಷ್ಟ ಹೊಸದಾಗಿ ಕಾರು ಕೊಳ್ಳಲು ಬಂದವರ ಮೇಲೆ ಬಿತ್ತು.

ಓಡಿಸುವವನ ಮಾತು ಕೇಳಿಸದಿದ್ದ ಕಾಲವೊಂದಿತ್ತು. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ 1,575 ವಿದ್ಯುತ್ತಿನವು. ಪೆಟ್ರೋಲಿನವು 936 ಮಾತ್ರ. ಆ ಕಾಲದ ದೊಡ್ಡ ಹೆಸರು ಎಲೆಕ್ಟ್ರಿಕ್ ವೆಹಿಕಲ್ ಕಂಪನಿ. ನ್ಯೂಯಾರ್ಕಿನಲ್ಲಿ ಸೀಸದ ಬ್ಯಾಟರಿಯ ಬಾಡಿಗೆ ಗಾಡಿ ಓಡಿಸುತ್ತಿದ್ದ ಈ ಕಂಪನಿಯ ಬ್ರಾಡ್‌ವೇ ಠಾಣೆಯಲ್ಲಿ, ಅರ್ಧ ಟನ್ನಿಗೂ ಮೀರಿ ತೂಗುವ ಬ್ಯಾಟರಿ ಪೆಟ್ಟಿಗೆಯನ್ನು ಯಂತ್ರದ ನೆರವಿನಿಂದ ಕೆಲವೇ ನಿಮಿಷದಲ್ಲಿ ಎಳೆದು ಹೊಸದನ್ನು ಕೂರಿಸುತ್ತಿದ್ದರು. ಇಂದಿಗೂ ಬೆರಗು ಹುಟ್ಟಿಸುವ ಏರ್ಪಾಡು ಅದು. 1899ರಲ್ಲಿ ಟ್ರಾಮ್ ವ್ಯವಹಾರದ ಧಣಿ ವಿಲಿಯಂ ವಿಟ್ನಿ ಮತ್ತು ಸಂಗಡಿಗರು ಇದನ್ನು ಕೈಗೆ ತೆಗೆದುಕೊಂಡು, ಊರೂರಿಗೂ ಸಾವಿರಾರು ಗಾಡಿ ಇಳಿಸುತ್ತೇವೆಂದು ಸಾರಿ ಷೇರು ಮಾರಿದರು. ಅದೇ ವರ್ಷ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆ ಕಂಪನಿಯ ಸಾಲವೊಂದರ ಗೋಲ್‌ಮಾಲ್ ಬಯಲಿಗೆಳೆದದ್ದೇ ತಡ, ಷೇರು ನೆಲಕಚ್ಚಿತು. ಬೇರೆ ಊರುಗಳಲ್ಲಿ ತೆರೆದ ಶಾಖೆಗಳು ಒಂದೊಂದಾಗಿ ಮುಚ್ಚಿದವು. 1907ರಲ್ಲಿ ಮೂಲ ಕಂಪನಿಯೂ ದಿವಾಳಿಯೆದ್ದಿತು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಗಾಡಿಗೂ ಷೇರಿಗೂ ನಡುವಿನ ದೂರ. ಗಾಡಿ ಹತ್ತಿದವನು ಬಾಡಿಗೆ ಕೊಟ್ಟು ಇಳಿದು ಹೋಗುವ ಪ್ರಯಾಣಿಕ, ಓಡಿಸಿದವನು ಕೂಲಿಯಾಳು. ಷೇರು ಕೊಂಡವರಿಗೆ ಸೀಸದ ಫಲಕಗಳು ಎಷ್ಟು ಬೇಗ ಸವೆಯುತ್ತಿವೆ ಎಂದು ಹೇಳುವ ಒಬ್ಬನೂ ಇರಲಿಲ್ಲ. ಪತ್ರಿಕೆ ಬರೆದಾಗಲೇ ಅವರಿಗೆ ಗೊತ್ತಾದದ್ದು, ಅದೂ ಸಾಲದ ಸುದ್ದಿ. ಗಾಡಿಯ ಸುದ್ದಿ ಅವರನ್ನು ತಲುಪಲೇ ಇಲ್ಲ.

ನೂರು ವರ್ಷದ ನಂತರ ಅದೇ ದೂರ ಇನ್ನೊಂದು ರೂಪದಲ್ಲಿ ಕಾಣಿಸಿತು. ಜನರಲ್ ಮೋಟಾರ್ಸ್ 1996ರಿಂದ ಇವಿ1 ಎಂಬ ವಿದ್ಯುತ್ ಕಾರನ್ನು ಗುತ್ತಿಗೆಗೆ ಕೊಟ್ಟಿತು, ಮಾರಲಿಲ್ಲ. 1,100ಕ್ಕೂ ಹೆಚ್ಚು ಕಾರುಗಳನ್ನು ತಯಾರಿಸಿ, ಕೊನೆಗೆ ಎಲ್ಲವನ್ನೂ ವಾಪಸ್ ತರಿಸಿಕೊಂಡಿತು. ಓಡಿಸಿದವರಿಗೆ ಆ ಕಾರಿನ ಮೇಲೆ ಎಂಥ ಪ್ರೀತಿಯಿತ್ತೆಂದರೆ, 2005ರಲ್ಲಿ ಬರ್ಬ್ಯಾಂಕಿನ ಬಯಲಲ್ಲಿ ನಿಲ್ಲಿಸಿದ್ದ ಕೊನೆಯ 78 ಕಾರುಗಳಿಗೆ ತಲಾ 24,000 ಡಾಲರಿನಂತೆ ಸುಮಾರು 19 ಲಕ್ಷ ಡಾಲರ್ ಕೊಡುತ್ತೇವೆಂದು ಮುಂದೆ ಬಂದರು, ಬೇಲಿಯ ಹೊರಗೆ ಹಗಲಿರುಳು ಕಾದರು. ಕಂಪನಿ ಒಪ್ಪಲಿಲ್ಲ, ಕಾರುಗಳು ಪುಡಿಯಾಗಲು ಹೋದವು. ಓಡಿಸುವವನ ಹೆಸರಿನಲ್ಲಿ ಗಾಡಿಯೂ ಇಲ್ಲ, ಷೇರೂ ಇಲ್ಲ ಎಂದಾದರೆ ಅವನ ಮಾತು ಬೇಲಿಯ ಹೊರಗೇ ಉಳಿಯುತ್ತದೆಂದು ಕ್ಯಾಲಿಫೋರ್ನಿಯಾದ ಒಂದು ತಲೆಮಾರು ಕಣ್ಣಾರೆ ಕಂಡಿತು. ಟೆಸ್ಲಾ ಹುಟ್ಟಿಗೆ ಇವಿ1ರ ಅಂತ್ಯ ಕಾರಣವೆಂದು ಮಸ್ಕ್ ಹಲವು ಸಲ ಹೇಳಿದ್ದಾರೆ. ಟೆಸ್ಲಾಕ್ಕೆ ಗಿರಾಕಿಗಳು ಕಣ್ಣುಮುಚ್ಚಿ ಹಣ ಕೊಟ್ಟದ್ದಕ್ಕೂ ಅದೇ ಒಂದು ಕಾರಣವೆಂದು ನನ್ನ ಎಣಿಕೆ.

ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್ 2003ರಲ್ಲಿ ಕಟ್ಟಿದ ಆ ಕಂಪನಿಗೆ 2004ರ ಆರಂಭದಲ್ಲಿ ಬಂದ ಮೊದಲ ಸುತ್ತಿನ ಬಂಡವಾಳ 75 ಲಕ್ಷ ಡಾಲರ್, ಅದರಲ್ಲಿ 65 ಲಕ್ಷ ಮಸ್ಕ್ ಅವರದು. 2006ರ ಜುಲೈಯಲ್ಲಿ ರೋಡ್‌ಸ್ಟರ್ ಮಾದರಿ ತೋರಿಸಿದಾಗ ಮೊದಲ ನೂರು ಕಾರಿಗೆ ತಲಾ ಒಂದು ಲಕ್ಷ ಡಾಲರ್ ಪೂರ್ತಿ ಮುಂಗಡ ಕೇಳಿದರು. ಕೆಲವೇ ವಾರಗಳಲ್ಲಿ ನೂರೂ ಹೋದವು. ಲೆಕ್ಕ ಹಾಕಿದರೆ ಒಂದು ಕೋಟಿ ಡಾಲರ್. ಮೊದಲ ಸುತ್ತಿನ ಹೂಡಿಕೆಗಿಂತ ಹೆಚ್ಚು. ಹೂಡಿಕೆ ಮಾಡಿದವರಿಗೆ ಷೇರು, ಆಡಳಿತ ಮಂಡಳಿಯಲ್ಲಿ ಕುರ್ಚಿ, ಲೆಕ್ಕಪತ್ರ ನೋಡುವ ಹಕ್ಕು ಸಿಕ್ಕಿತು. ಮುಂಗಡ ಕೊಟ್ಟವರಿಗೆ ಸಿಕ್ಕಿದ್ದು ಕಾಯುವ ಪಾಳಿ. ಕಂಪನಿ ಮುಳುಗಿದರೆ ಇಬ್ಬರ ಹಣವೂ ಹೋಗುತ್ತಿತ್ತು. ತೇಲಿದರೆ ಲಾಭ ಒಬ್ಬರಿಗೆ ಮಾತ್ರ.

ಈ ಅಸಮಾನತೆ ಎಷ್ಟು ದೂರ ಹೋಗಬಲ್ಲದೆಂದು 2009ರ ಜನವರಿ ತೋರಿಸಿತು. ಬೆಲೆ ಗೊತ್ತುಮಾಡಿ ಮುಂಗಡ ಕೊಟ್ಟು ಎರಡು ವರ್ಷದಿಂದ ಕಾಯುತ್ತಿದ್ದವರಿಗೆ, ಹಿಂದೆ ಕಾರಿನ ಜೊತೆಗೇ ಬರುತ್ತಿದ್ದ ಕೆಲವು ಸಾಮಾನುಗಳಿಗೆ ಇನ್ನು ಬೇರೆ ಹಣ ಕೊಡಬೇಕು ಎಂಬ ಸೂಚನೆ ಬಂತು. ಮನೆಯಲ್ಲಿ ಬೇಗ ಚಾರ್ಜ್ ಮಾಡುವ ಉಪಕರಣವೂ ಆ ಪಟ್ಟಿಯಲ್ಲಿತ್ತು. ತಯಾರಿಕೆಯ ವೆಚ್ಚಕ್ಕಿಂತ ಕಡಿಮೆಗೆ ಕಾರು ಮಾರುವ ಕಂಪನಿಗೆ ಉಳಿಗಾಲವಿಲ್ಲ, ಅಂಥ ಕಂಪನಿ ಸರ್ಕಾರದ ಸಾಲ ಕೇಳಲೂ ಬಾರದು ಎಂಬುದು ಮಸ್ಕ್ ಸಮಜಾಯಿಷಿ. ಕ್ರಿಸ್ ಪೇನ್ ಅವರ 2011ರ ಸಾಕ್ಷ್ಯಚಿತ್ರ ‘ರಿವೆಂಜ್ ಆಫ್ ದಿ ಎಲೆಕ್ಟ್ರಿಕ್ ಕಾರ್’ನಲ್ಲಿ ಗಿರಾಕಿಗಳು ಮಸ್ಕ್ ಎದುರು ಕೂತು ಇದನ್ನು ಪ್ರಶ್ನಿಸುವ ಸಭೆಯಿದೆ. ಅವರು ಸಿಟ್ಟಾಗಿದ್ದಾರೆ, ಮಾತಿಗೆ ತಪ್ಪಿದಿರಿ ಎನ್ನುತ್ತಾರೆ. ಆ ಸಿಟ್ಟಿನಲ್ಲಿ ನೇರತನವಿದೆ, ಏಕೆಂದರೆ ಆಗಿನ್ನೂ ಟೆಸ್ಲಾ ಷೇರುಪೇಟೆಗೆ ಬಂದಿರಲಿಲ್ಲ. ಕಂಪನಿಯ ಹೆಸರು ಕೆಟ್ಟರೆ ತಮ್ಮ ಗಂಟು ಕರಗೀತು ಎಂಬ ಅಂಜಿಕೆ ಆ ಸಭೆಯಲ್ಲಿದ್ದ ಸಾಮಾನ್ಯ ಗಿರಾಕಿಗೆ ಇರಲಿಲ್ಲ. ಕೇಳಬೇಕಾದ್ದನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದ.

2010ರ ಜೂನ್ 29ರಂದು 17 ಡಾಲರಿಗೆ ಒಂದರಂತೆ ಟೆಸ್ಲಾ ಷೇರು ಪೇಟೆಗೆ ಬಂತು. 1956ರಲ್ಲಿ ಫೋರ್ಡ್ ಬಂದ ಮೇಲೆ ಅಮೆರಿಕದ ಕಾರು ಕಂಪನಿಯೊಂದು ಹೀಗೆ ಬಂದದ್ದು ಇದೇ ಮೊದಲು. ಮುಂದಿನ ಎರಡು ಮೂರು ವರ್ಷ ಮಾಲೀಕರ ಮಾತಿನ ಸುವರ್ಣಕಾಲ ಎನ್ನಬಹುದು. 2012ರಲ್ಲಿ ಮಾಡೆಲ್ ಎಸ್ ರಸ್ತೆಗಿಳಿದಾಗ ವಾಲ್ ಸ್ಟ್ರೀಟಿನ ವಿಶ್ಲೇಷಕರ ಕೈಯಲ್ಲಿದ್ದುದು ಖರ್ಚುವೆಚ್ಚದ ಕೋಷ್ಟಕ. ಕಾರು ಕೊಂಡವರಿಗೆ ಅದಕ್ಕಿಂತ ಹೆಚ್ಚು ಗೊತ್ತಿತ್ತು: ಚಳಿಯಲ್ಲಿ ಎಷ್ಟು ಮೈಲಿ ಕಡಿಮೆಯಾಗುತ್ತದೆ, ಬಾಗಿಲ ಹಿಡಿ ಯಾವಾಗ ಕೈಕೊಡುತ್ತದೆ, ರಾತ್ರೋರಾತ್ರಿ ಬಂದ ಸಾಫ್ಟ್‌ವೇರ್ ಕಾರಿನ ನಡತೆಯನ್ನು ಹೇಗೆ ಬದಲಿಸುತ್ತದೆ. 2013ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರ ಜಾನ್ ಬ್ರಾಡರ್, ಕನೆಕ್ಟಿಕಟ್ ದಾರಿಯಲ್ಲಿ ಚಾರ್ಜ್ ಮುಗಿದು ಕಾರನ್ನು ಲಾರಿಯ ಮೇಲೆ ಸಾಗಿಸಬೇಕಾಯಿತೆಂದು ಬರೆದರು. ಮಸ್ಕ್ ಕಾರಿನ ದಾಖಲೆಗಳನ್ನು ಮುಂದಿಟ್ಟು ಜಗಳಕ್ಕೆ ನಿಂತರು. ಆದರೆ ಕೆಲವು ಮಾಲೀಕರು ಜಗಳ ಕಾಯದೆ, ಅದೇ ಚಳಿಗಾಲದಲ್ಲಿ ತಮ್ಮ ತಮ್ಮ ಕಾರು ತೆಗೆದು ವಾಷಿಂಗ್ಟನ್ ಕಡೆಯಿಂದ ಅದೇ ದಾರಿಯಲ್ಲಿ ಕನೆಕ್ಟಿಕಟ್‌ವರೆಗೆ ಓಡಿಸಿ ತೋರಿಸಿದರು. ವಾದಕ್ಕೆ ಪುರಾವೆಯಿಂದ ಉತ್ತರ ಕೊಡುವುದೆಂದರೆ ಇದು. ಆ ವರ್ಷದ ಆರಂಭದಲ್ಲಿ 35 ಡಾಲರ್ ಆಸುಪಾಸಿನಲ್ಲಿದ್ದ ಷೇರು ಸೆಪ್ಟೆಂಬರಿನಲ್ಲಿ 190 ಮುಟ್ಟಿತು. ಕಾರನ್ನು ಬಲ್ಲವರು ಕೋಷ್ಟಕ ಬಲ್ಲವರಿಗಿಂತ ಮೊದಲೇ ಒಂದು ಸತ್ಯ ಕಂಡಿದ್ದರು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಅದೇ ವರ್ಷದ ಅಕ್ಟೋಬರ್ 1ರಂದು ಸಿಯಾಟಲ್ ಬಳಿ ರಸ್ತೆಯ ಮೇಲಿದ್ದ ಲೋಹದ ತುಂಡೊಂದು ಮಾಡೆಲ್ ಎಸ್ ಕಾರಿನ ಅಡಿಯ ಬ್ಯಾಟರಿಗೆ ಚುಚ್ಚಿ ಬೆಂಕಿ ಹೊತ್ತಿತು. ವಿಡಿಯೋ ಎಲ್ಲೆಡೆ ಹರಡಿ ಮರುದಿನ ಷೇರು ಶೇ 6ರಷ್ಟು ಬಿತ್ತು. ಆ ಕಾರಿನ ಮಾಲೀಕ ಕಂಪನಿಗೆ ಬರೆದ ಪತ್ರವನ್ನು ಟೆಸ್ಲಾ ಪ್ರಕಟಿಸಿತು. ಕಾರು ಅಪಾಯದಲ್ಲೂ ಚೆನ್ನಾಗಿ ನಡೆದುಕೊಂಡಿತು, ಮತ್ತೆ ಇದೇ ಕಾರು ಓಡಿಸಲು ಕಾದಿದ್ದೇನೆ ಎಂದು ಬರೆದ ಆತ, ತಾನು ಕಂಪನಿಯ ಹೂಡಿಕೆದಾರನೂ ಹೌದು ಎಂದು ಸೇರಿಸಿದ್ದ. ಆತ ಪ್ರಾಮಾಣಿಕವಾಗಿಯೇ ಬರೆದಿದ್ದಾನೆ, ಅನುಮಾನಕ್ಕೆ ಕಾರಣವಿಲ್ಲ. ಷೇರಿರುವುದನ್ನು ಮುಚ್ಚಿಡದೆ ಹೇಳಿದ್ದೂ ದೊಡ್ಡದೇ. ಆದರೂ ಇತಿಹಾಸದ ದೃಷ್ಟಿಯಿಂದ ಆ ಪತ್ರ ಒಂದು ತಿರುವು. ಸುಟ್ಟ ಕಾರಿನ ಸಾಕ್ಷಿ ಹೇಳುತ್ತಿರುವವನೂ ಷೇರು ಬೀಳಬಾರದೆಂದು ಬಯಸುವವನೂ ಒಬ್ಬನೇ ಆದಾಗ, ಮೂರನೆಯವನೊಬ್ಬ ಆ ಸಾಕ್ಷಿಯನ್ನು ಹೇಗೆ ತೂಗಬೇಕು? 2014ರ ಮಾರ್ಚಿನಲ್ಲಿ ಕಂಪನಿ ಕಾರಿನ ಅಡಿಗೆ ಟೈಟಾನಿಯಂ ಕವಚ ಹಾಕಿಕೊಟ್ಟಿತು, ಸುರಕ್ಷತಾ ಇಲಾಖೆ ತನಿಖೆ ಮುಗಿಸಿತು. ಬೆಂಕಿಯ ಸಮಸ್ಯೆ ತೀರಿತು, ಸಾಕ್ಷಿಯ ಸಮಸ್ಯೆ ಉಳಿಯಿತು.

2016ರ ಮಾರ್ಚ್ 31ಕ್ಕೆ ಮಾಡೆಲ್ 3 ಬುಕಿಂಗ್ ತೆರೆದಾಗ, ಕಾರಿನ ಮುಖವನ್ನೂ ನೋಡದೆ ಜನ ಮಳಿಗೆಗಳ ಮುಂದೆ ಸಾಲುಗಟ್ಟಿ ತಲಾ 1,000 ಡಾಲರ್ ಕಟ್ಟಿದರು. ವಾರದಲ್ಲಿ 3,25,000 ಬುಕಿಂಗ್ ಆಯಿತೆಂದು ಕಂಪನಿ ಹೇಳಿತು. ಅದೇ ಒಂದು ಸುದ್ದಿ, ಹೊಸ ಷೇರು ಮಾರಿ ಹಣ ಎತ್ತಲು ಆಧಾರವೂ ಆಯಿತು. 2017–18ರಲ್ಲಿ ಫ್ರೀಮಾಂಟ್ ಕಾರ್ಖಾನೆ ತಡವರಿಸಿ, ಕೊನೆಗೆ ಅಂಗಳದಲ್ಲಿ ದೊಡ್ಡ ಡೇರೆ ಹಾಕಿ ಕಾರು ಜೋಡಿಸುವಂತಾಯಿತು. ಆ ದಿನಗಳಲ್ಲಿ ಕಾರು ಕಾಯುತ್ತಿದ್ದವರೂ ಷೇರು ಹಿಡಿದವರೂ ಒಂದೇ ಅಂಕಿಗೆ ಕಣ್ಣು ನೆಟ್ಟಿದ್ದರು: ವಾರಕ್ಕೆ 5,000 ಕಾರು. ಕಾರಿನ ಗುರುತಿನ ಸಂಖ್ಯೆಗಳನ್ನು ಕಲೆಹಾಕಿ ಉತ್ಪಾದನೆ ಅಂದಾಜಿಸುವ ಲೆಕ್ಕವೊಂದನ್ನು ಬ್ಲೂಮ್‌ಬರ್ಗ್ ನಡೆಸಿತು, ಮಾಲೀಕರು ತಮ್ಮ ತಮ್ಮ ಸಂಖ್ಯೆ ಕಳಿಸಿದರು. ಷೇರು ಬೀಳುತ್ತದೆಂದು ಪಣ ಕಟ್ಟಿದವರು ಮಾರಾಟವಾಗದೆ ನಿಂತ ಕಾರುಗಳ ಬಯಲುಗಳನ್ನು ಹುಡುಕಿ ಆಕಾಶದಿಂದ ಫೋಟೋ ತೆಗೆದರು. ಎರಡೂ ಕಡೆಯವರು ಕಣ್ಣಿಗೆ ಕಂಡದ್ದನ್ನೇ ಹೇಳುತ್ತಿದ್ದರು, ಆದರೆ ಕಾಣುವ ಮೊದಲೇ ಹಣ ಯಾವ ಕಡೆಗೆಂದು ಗೊತ್ತಾಗಿತ್ತು.

2018ರ ಮೇ 2ರ ತ್ರೈಮಾಸಿಕ ಫೋನ್ ಸಭೆಯಲ್ಲಿ ಬಂಡವಾಳ ಎಷ್ಟು ಬೇಕಾದೀತು, ಬುಕಿಂಗ್ ಮಾಡಿದವರಲ್ಲಿ ಎಷ್ಟು ಮಂದಿ ನಿಜವಾಗಿ ಕೊಳ್ಳುತ್ತಿದ್ದಾರೆ ಎಂದು ವಿಶ್ಲೇಷಕರು ಕೇಳಿದರು. ಇವು ನೀರಸ ಪ್ರಶ್ನೆಗಳೆಂದು ತಳ್ಳಿಹಾಕಿದ ಮಸ್ಕ್, ಯೂಟ್ಯೂಬಿನಲ್ಲಿ ಟೆಸ್ಲಾ ಬಗ್ಗೆ ಮಾತಾಡುವ ಯುವ ಷೇರುದಾರರೊಬ್ಬರ ಕಡೆ ತಿರುಗಿ ಬಹಳ ಹೊತ್ತು ಉತ್ತರಿಸಿದರು. ಮರುದಿನ ಷೇರು ಶೇ 5ಕ್ಕೂ ಹೆಚ್ಚು ಇಳಿಯಿತು. ಸಣ್ಣ ಷೇರುದಾರನಿಗೆ ದೊಡ್ಡ ಸಭೆಯಲ್ಲಿ ಬಾಯಿ ಸಿಕ್ಕಿತೆಂದು ಇದನ್ನು ಹೊಗಳಿದವರಿದ್ದಾರೆ. ಬಾಯಿ ಸಿಕ್ಕಿದ್ದು ನಿಜ. ಆದರೆ ತಳ್ಳಿಹಾಕಿದ ಎರಡು ಪ್ರಶ್ನೆಗಳೂ ಮುಂಗಡ ಕೊಟ್ಟವರ ಪರವಾದ ಪ್ರಶ್ನೆಗಳು. ಹಣ ಸಾಲದೆ ಹೋದರೆ ಕಾರು ಬರುವುದಿಲ್ಲ. ತನ್ನ ಮುಂದಿನ ಸಾಲಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂಬುದು ಕಾಯುವವನಿಗೇ ಹೆಚ್ಚು ಬೇಕು. ಅವನ್ನು ಕೇಳಿದವರು ವಾಲ್ ಸ್ಟ್ರೀಟಿನವರು ಎಂಬ ಒಂದೇ ಕಾರಣಕ್ಕೆ ಎಷ್ಟೋ ಅಭಿಮಾನಿಗಳಿಗೆ ಅವು ಶತ್ರುವಿನ ಪ್ರಶ್ನೆಗಳಾಗಿ ಕೇಳಿಸಿದವು. ಆಗಸ್ಟ್ 7ರಂದು ಮಸ್ಕ್, ಕಂಪನಿಯನ್ನು 420 ಡಾಲರಿಗೆ ಒಂದು ಷೇರಿನಂತೆ ಖಾಸಗಿಯಾಗಿಸುವ ಯೋಚನೆಯಿದೆ, ಹಣ ಸಿದ್ಧವಿದೆ ಎಂದು ಟ್ವೀಟ್ ಮಾಡಿದರು, ಷೇರು ಜಿಗಿಯಿತು. ಹಣ ಹಾಗೆ ಸಿದ್ಧವಿರಲಿಲ್ಲವೆಂದು ಷೇರು ನಿಯಂತ್ರಕರು ದಾವೆ ಹೂಡಿ, ಸೆಪ್ಟೆಂಬರಿನಲ್ಲಿ ಮಸ್ಕ್ ಮತ್ತು ಕಂಪನಿ ತಲಾ 2 ಕೋಟಿ ಡಾಲರ್ ದಂಡ ಕೊಡುವಂತೆ ರಾಜಿಯಾಯಿತು. ಅದೇ ಸೆಪ್ಟೆಂಬರಿನ ಕೊನೆಯ ವಾರ, ತ್ರೈಮಾಸಿಕ ಮುಗಿಯುವ ಮೊದಲು ಆದಷ್ಟು ಕಾರು ಹಸ್ತಾಂತರಿಸಲೆಂದು ಹಳೆಯ ಮಾಲೀಕರು ತಾವಾಗಿ ಮಳಿಗೆಗಳಿಗೆ ಬಂದರು. ಹೊಸಬರಿಗೆ ಪರದೆ ಹೇಗೆ ಬಳಸಬೇಕು, ಚಾರ್ಜರ್ ಹೇಗೆ ಚುಚ್ಚಬೇಕು ಎಂದು ಕೂಲಿಯಿಲ್ಲದೆ ಹೇಳಿಕೊಟ್ಟರು. ಊರಜಾತ್ರೆಗೆ ಮನೆಮನೆಯವರು ಕೈಗೂಡಿಸಿದ ಹಾಗಿತ್ತು ಆ ದುಡಿಮೆ. ಅದರ ಒಳ್ಳೆಯತನ ನನ್ನನ್ನು ತಟ್ಟುತ್ತದೆ, ಆದರೆ ಆ ತ್ರೈಮಾಸಿಕದ ಲಾಭ ಸೇರಿದ್ದು ಷೇರುದಾರರ ಲೆಕ್ಕಕ್ಕೆ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ, ಟೆಸ್ಲಾವನ್ನು ಉಳಿಸಿದ್ದು ಗಿರಾಕಿಗಳಲ್ಲ, ಸರ್ಕಾರ ಎಂಬುದು. ಇಂಧನ ಇಲಾಖೆಯ 46.5 ಕೋಟಿ ಡಾಲರ್ ಸಾಲ, ಡೈಮ್ಲರ್ ಕಂಪನಿಯ 5 ಕೋಟಿ, ಬೇರೆ ಕಾರು ಕಂಪನಿಗಳಿಗೆ ಮಾರಿದ ಮಾಲಿನ್ಯರಹಿತ ವಾಹನಗಳ ಕ್ರೆಡಿಟ್ಟು. 2013ರ ಮೊದಲ ತ್ರೈಮಾಸಿಕದಲ್ಲಿ ಕಂಪನಿ ಕಂಡ ಮೊತ್ತಮೊದಲ ಲಾಭ 1.1 ಕೋಟಿ ಡಾಲರ್. ಆ ಕ್ರೆಡಿಟ್ಟಿನ ಮಾರಾಟದಿಂದಲೇ ಬಂದದ್ದು 6.8 ಕೋಟಿ. ಈ ಲೆಕ್ಕವನ್ನು ಅಲ್ಲಗಳೆಯಲಾಗದು. ಆದರೆ ವರ್ಷಗಳನ್ನು ಕ್ರಮವಾಗಿ ಇಟ್ಟು ನೋಡಬೇಕು. ಡೈಮ್ಲರ್ ಬಂದದ್ದು 2009ರ ಮೇಯಲ್ಲಿ, ಸರ್ಕಾರದ ಸಾಲ ಘೋಷಣೆಯಾದದ್ದು ಜೂನಿನಲ್ಲಿ. ಅದಕ್ಕೆ ಮೊದಲಿನ ಮೂರು ವರ್ಷ ತೂಗಿಸಿದ್ದು ಕೆಲವೇ ಹೂಡಿಕೆದಾರರು ಮತ್ತು ಸಾವಿರದ ಚಿಲ್ಲರೆ ಗಿರಾಕಿಗಳು. ಸಾಲ ಕೊಡುವವರ ಮುಂದೆ ಇಡಲು ಕಂಪನಿಯ ಬಳಿಯಿದ್ದ ಗಟ್ಟಿ ಪುರಾವೆಗಳಲ್ಲಿ ಆ ಗಿರಾಕಿಗಳ ಪಟ್ಟಿಯೂ ಒಂದು.

ನಂಬಿದವರು ಗೆದ್ದರಲ್ಲ, ಇನ್ನೇನು ಬೇಕು ಎಂಬುದು ಎರಡನೆಯ, ಹೆಚ್ಚು ಬಲವಾದ ಆಕ್ಷೇಪ. ಎರಡು ಸಲ ಷೇರು ವಿಭಜನೆಯಾದ ಮೇಲೆ 2010ರ 17 ಡಾಲರ್ ಇಂದಿನ ಲೆಕ್ಕದಲ್ಲಿ 1 ಡಾಲರ್ 13 ಸೆಂಟ್. ಷೇರು ಬೀಳುತ್ತದೆಂದು ಪಣ ಕಟ್ಟಿದವರು 2020ರಲ್ಲಿ ಕಳೆದುಕೊಂಡದ್ದು ಸಾವಿರಾರು ಕೋಟಿ ಡಾಲರ್. ಗೆದ್ದವರಿದ್ದಾರೆ, ಅವರಲ್ಲಿ ಸಾಧಾರಣ ಸಂಬಳದವರೂ ಇದ್ದಾರೆ, ಆ ಗೆಲುವು ಅವರ ಧೈರ್ಯದ ಫಲ. ಆದರೆ ಷೇರಿನ ಏರಿಕೆ ಕಾರಿನ ಬಗ್ಗೆ ಕೊಟ್ಟ ಮಾತುಗಳನ್ನು ನಿಜ ಮಾಡುವುದಿಲ್ಲ. ಕಾರು ತಾನೇ ಓಡುವ ಸೌಲಭ್ಯಕ್ಕೆಂದು 2016ರಿಂದ ಸಾವಿರಾರು ಡಾಲರ್ ಮುಂಚಿತವಾಗಿ ವಸೂಲಾಯಿತು. 2017ರ ಕೊನೆಗೆ ದೇಶದ ಒಂದು ತೀರದಿಂದ ಇನ್ನೊಂದಕ್ಕೆ ಚಾಲಕ ಕೈಯಿಡದೆ ಓಡಿಸಿ ತೋರಿಸುತ್ತೇವೆಂದ ಮಾತು ಗಡುವಿಗೆ ನಡೆಯಲಿಲ್ಲ. 2017ರ ನವೆಂಬರಿನಲ್ಲಿ ತೋರಿಸಿದ ಹೊಸ ರೋಡ್‌ಸ್ಟರಿಗೆ 50,000 ಡಾಲರ್ ಮುಂಗಡ ಕೊಟ್ಟವರಿಗೆ 2020ರಲ್ಲಿ ಬರಬೇಕಿದ್ದ ಕಾರು 2025 ಕಳೆಯುವವರೆಗೂ ಬರಲಿಲ್ಲ. ಹೀಗೆ ಕಾದವರ ದೂರಿಗೆ ಬರುತ್ತಿದ್ದ ಸಾಮಾನ್ಯ ಉತ್ತರ, ಅದೇ ಹಣಕ್ಕೆ ಷೇರು ಕೊಂಡಿದ್ದರೆ ಎಷ್ಟಾಗಿರುತ್ತಿತ್ತು ಎಂಬ ಲೆಕ್ಕ. ಕಾರು ಕೇಳಿದವನಿಗೆ ಷೇರಿನ ಬೆಲೆ ಹೇಳುವುದು ಉತ್ತರವಾಗದು.

ಕಾರು ಕೊಂಡವನು, ಷೇರು ಹಿಡಿದವನು ಇಬ್ಬರ ಹಿತವೂ ಒಂದೇ ಎಂಬ ನಂಬಿಕೆ ಎಲ್ಲರ ಕಣ್ಣೆದುರು ಸೀಳಿದ್ದು 2023ರ ಜನವರಿಯಲ್ಲಿ. ಬೇಡಿಕೆ ಹೆಚ್ಚಿಸಲು ಕಂಪನಿ ಒಮ್ಮೆಲೇ ಬೆಲೆ ಇಳಿಸಿತು. ಅಮೆರಿಕದಲ್ಲಿ ಕೆಲವು ಮಾದರಿಗೆ ಶೇ 20ರವರೆಗೆ. ಚೀನಾದಲ್ಲಿ ವಾರಗಳ ಹಿಂದಷ್ಟೇ ಹೆಚ್ಚು ಕೊಟ್ಟು ಕಾರು ಕೊಂಡವರು ಮಳಿಗೆಗಳಿಗೆ ನುಗ್ಗಿ ಪ್ರತಿಭಟಿಸಿದರು. ಹಿಂದಿನ ವರ್ಷ ಶೇ 65ರಷ್ಟು ಕುಸಿದಿದ್ದ ಷೇರು ಮಾತ್ರ ಆ ತಿಂಗಳು ಏರಿತು. ಕಾರು, ಷೇರು ಎರಡನ್ನೂ ಹೊಂದಿದವನ ಗ್ಯಾರೇಜಿನಲ್ಲಿ ನಷ್ಟ, ಖಾತೆಯಲ್ಲಿ ಲಾಭ. ಷೇರಿಲ್ಲದೆ ಬರೀ ಕಾರಿದ್ದವನಿಗೆ ನಷ್ಟ ಮಾತ್ರ. 2024ರಲ್ಲಿ ಕಂಪನಿಯ ವಾರ್ಷಿಕ ಮಾರಾಟ ಮೊದಲ ಬಾರಿಗೆ ಇಳಿದು 17,89,226ಕ್ಕೆ ಬಂತು.

ಬೆಂಗಳೂರಿನ ರೇವಾ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೈನಿ ಗ್ರೂಪ್ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸೇರಿ 1994ರಲ್ಲಿ ಕಟ್ಟಿದ ಕಂಪನಿ 2001ರಲ್ಲಿ ಪುಟ್ಟ ರೇವಾ ಕಾರನ್ನು ಮಾರಾಟಕ್ಕೆ ತಂದಿತು, ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ರಸ್ತೆಗಳಲ್ಲೂ ಓಡಿತು. 2006ರಲ್ಲಿ ಡ್ರೇಪರ್ ಫಿಷರ್ ಜರ್ವೆಟ್ಸನ್ ಎಂಬ ಹೂಡಿಕೆ ಸಂಸ್ಥೆ ಟೆಸ್ಲಾಕ್ಕೂ ಹಣ ಹಾಕಿತು, ರೇವಾಕ್ಕೂ ಹಾಕಿತು. 2010ರ ಮೇಯಲ್ಲಿ ಮಹೀಂದ್ರಾ ರೇವಾದ ಶೇ 55.2 ಪಾಲು ಕೊಂಡುಕೊಂಡಿತು. ಮರು ತಿಂಗಳು ಟೆಸ್ಲಾ ಷೇರುಪೇಟೆಗೆ ಬಂತು. 2011ರ ಹೊತ್ತಿಗೆ ಜಗತ್ತಿನಾದ್ಯಂತ 4,000ಕ್ಕೂ ಹೆಚ್ಚು ರೇವಾಗಳು ಮಾರಾಟವಾಗಿದ್ದವು. ಆ ಕಾರು ಚಿಕ್ಕದು, ನಿಧಾನದ್ದು, ಮುಂಗಡವೆಂದು ಲಕ್ಷ ಡಾಲರ್ ಎಸೆಯುವ ಗಿರಾಕಿ ಅದಕ್ಕಿರಲಿಲ್ಲ. ಗಿರಾಕಿಯ ಹಣವೊಂದರಿಂದಲೇ ಎರಡರ ಹಣೆಬರಹ ಬೇರೆಯಾಯಿತು ಎನ್ನಲಾರೆ. ಆದರೆ ರೇವಾ ಷೇರು ಪೇಟೆಯಲ್ಲಿರಲಿಲ್ಲ. ಅದನ್ನು ಓಡಿಸಿದವರು ಬ್ಯಾಟರಿ ಸೋತಿತು, ಏರಿನಲ್ಲಿ ಎಳೆಯುವುದಿಲ್ಲ ಎಂದು ಹೇಳಬೇಕಾದಾಗ ಯಾವ ಷೇರಿನ ಮುಲಾಜೂ ಅಡ್ಡ ಬರುತ್ತಿರಲಿಲ್ಲ. ಅವರ ಮಾತಿಗೆ ಬಂಡವಾಳ ತರುವ ಶಕ್ತಿಯಿರಲಿಲ್ಲ, ಆದರೆ ಕಾರು ಕೊಳ್ಳುವವನು ಅದನ್ನು ನಂಬಬಹುದಿತ್ತು.

ಟೆಸ್ಲಾ ತನ್ನ ಭಾರತೀಯ ಅಂಗಸಂಸ್ಥೆಯನ್ನು ನೋಂದಾಯಿಸಿದ್ದು ಬೆಂಗಳೂರಿನಲ್ಲೇ, 2021ರ ಜನವರಿಯಲ್ಲಿ. ಅದಕ್ಕೂ ಐದು ವರ್ಷ ಮೊದಲೇ, 2016ರ ಮಾಡೆಲ್ 3 ಬುಕಿಂಗಿನಲ್ಲಿ ಭಾರತೀಯರೂ ತಲಾ 1,000 ಡಾಲರ್ ಕಟ್ಟಿದ್ದರು. ಆ ಕಾರು ಇಲ್ಲಿಗೆ ಬರಲಿಲ್ಲ. 2025ರಲ್ಲಿ, ಜುಲೈಯಲ್ಲಿ ಮುಂಬೈ ಮಳಿಗೆ ತೆರೆದು ಸುಮಾರು 60 ಲಕ್ಷ ರೂಪಾಯಿಯ ಮಾಡೆಲ್ ವೈ ಮಾರಲು ಸಿದ್ಧತೆ ನಡೆಯುತ್ತಿದ್ದ ಹೊತ್ತಿನಲ್ಲಿ, ಕಂಪನಿ ಆ ಹಳೆಯ ಮುಂಗಡಗಳನ್ನು ಹಿಂತಿರುಗಿಸತೊಡಗಿತು. ಆ ಒಂಬತ್ತು ವರ್ಷಕ್ಕೆ ಷೇರಿನ ಮೇಲಿನ ಲಾಭ ಷೇರುದಾರರಿಗೆ ಸಿಕ್ಕಿತ್ತು. ಮುಂಗಡ ಕೊಟ್ಟವರಿಗೆ ಬಡ್ಡಿಯ ಪ್ರಶ್ನೆಯೇ ಇರಲಿಲ್ಲ.